ಗಾಲಿಗೆ ಯಾವ ಬಣ್ಣ

ಜನವರಿ 10, 2004, ಶನಿವಾರ

ಕೈಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ತನ್ನ ರಕ್ತ ನಳಿಕೆಯಲ್ಲಿ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡುತ್ತ ಮಲಗಿದ್ದ ನನ್ನ ತಮ್ಮ ಇವತ್ತು ಕೇಳಿದ ಮಾತು: “ಆಪಾ, ಗಾಲಿಗೆ ಯಾವ ಬಣ್ಣ ಹಚ್ಚೂನು?”

“ಸುಮ್ನ ಮಲಕೋ” ಎಂದೆ.

ಅಲ್ತಮಶನ ಎರಡೂ ಕಿಡ್ನಿ ಹೋಗಿವೆ ಎಂದು ಗೊತ್ತಾದದ್ದು ರಂಜಾನ್ ತಿಂಗಳಲ್ಲಿ. ವಾರಕ್ಕೆ ಎರಡು ಸಲ ಬೈಲಹೊಂಗಲದಿಂದ ಬೆಳಗಾವಿಗೆ ಕರೆತಂದು ರಕ್ತ ತೊಳೆಸದಿದ್ದರೆ ಮುಖ ಬಾತು ಉಸಿರು ಕಟ್ಟುತ್ತದೆ. ಬುಧವಾರ ಅವನ ಗೆಳೆಯ ರಫೀಕ್ ತನ್ನ ಗ್ಯಾರೇಜು ಮುಚ್ಚಿ ಜೀಪಿನಲ್ಲಿ ಕರೆತರುತ್ತಾನೆ. ಶನಿವಾರ ನಾನು, ದೊಡವಾಡದಲ್ಲಿ ಬೆಳಗಿನ ಸಾಲೆಯ ಪಾಠ ಮುಗಿಸಿ ಓಡಿಬಂದು. ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಅವಳ ಕಿಡ್ನಿ ಬರುವುದಿಲ್ಲ ಎಂದರು. ನನ್ನ ರಕ್ತದ ಗುಂಪು ಅವನಿಗೆ ಹೊಂದಲಿಲ್ಲ. ಮನೆಯಲ್ಲಿ ನಾಲ್ಕನೆಯವರು ಇಲ್ಲ. ಹೀಗಿರುವಾಗ ಇವನಿಗೆ ಗಾಲಿಯ ಚಿಂತೆ.

ಗೋವಾದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ ಯಾರೋ ಮರಕ್ಕೆ ಗುದ್ದಿ ಬಿಟ್ಟುಹೋದ ಸ್ಪೋರ್ಟ್ಸ್ ಕಾರನ್ನು ಇವನು ಪಗಾರದ ಬದಲಿಗೆ ಇಸಕೊಂಡು, ಲಾರಿಯ ಮೇಲೆ ಹೇರಿಕೊಂಡು ಬಂದಿದ್ದ. ಎರಡೇ ಸೀಟು. ನನ್ನ ಸೊಂಟದ ಎತ್ತರಕ್ಕೂ ಬರುವುದಿಲ್ಲ. ಅಮ್ಮ ಆಗ ಕೇಳಿದ್ದು ಒಂದೇ ಪ್ರಶ್ನೆ: “ಮೂರನೇದಾಂವ ಬಂದ್ರ ಎಲ್ಲಿ ಕುಂದರಸ್ತಿ?” ಎರಡು ವರ್ಷ ಹಿತ್ತಲಿನ ಶೆಡ್ಡಿನಲ್ಲಿ ಇವನೂ ರಫೀಕನೂ ಸೇರಿ ಅದನ್ನು ರಿಪೇರಿ ಮಾಡಿದರು. ಮೈಗೆಲ್ಲ ದಾಳಿಂಬೆ ಕೆಂಪು ಹಚ್ಚಿದರು. ಎಂಜಿನ್ನು ಶುರುವಾಯಿತು. ಗಾಲಿ ಮಾತ್ರ ಉಳಿಯಿತು. ಕೊಲ್ಹಾಪುರದ ಗುಜರಿಯಿಂದ ತಂದ ನಾಲ್ಕು ಅಲ್ಯೂಮಿನಿಯಂ ಗಾಲಿ ಮೂಲೆಯಲ್ಲಿ ಬಿದ್ದಿವೆ. ಕಾರು ಕಲ್ಲಿನ ಮೇಲೆ ಕುಳಿತಿದೆ. ಆ ಡಬ್ಬಿಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಜನವರಿ 17, ಶನಿವಾರ

ಯಂತ್ರಕ್ಕೆ ಹಚ್ಚಿದ ಮೇಲೆ ನಾಲ್ಕು ತಾಸು ಕಾಯಬೇಕು. ನಾನು ಮಕ್ಕಳ ಶುದ್ಧಬರಹದ ಪುಸ್ತಕ ತಿದ್ದುತ್ತ ಕೂತಿರುತ್ತೇನೆ. ಇವತ್ತು ಅವನೇ ಬೈದ.

“ಇಲ್ಲಿ ಕುಂತು ನನ್ನ ಮಾರಿ ನೋಡಿ ಏನ್ ಮಾಡ್ತಿ? ಉದ್ಯಮಬಾಗಿನ ಕಾರಖಾನಿ ಕಡೆ ಹೋಗಿ ಬಾ. ಅಲ್ಲಿ ಪರಪ್ಪ ಅಂತ ಅದಾನ. ಬಣ್ಣದ ಪುಡಿ ಹೊಡದು ಭಟ್ಟ್ಯಾಗ ಬೇಯಿಸ್ತಾನ. ಸ್ಯಾಂಪಲ್ ಇಸಕೊಂಡು ಬಾ.”

ಹೋದೆ. ಅವನ ಮಾತಿಗೆ ಬೆಲೆ ಕೊಟ್ಟು ಹೋದೆನೆಂದಲ್ಲ. ಪಕ್ಕದ ಹಾಸಿಗೆಯ ಅಜ್ಜ ನರಳುವುದನ್ನು ಕೇಳಲಾಗದೆ ಹೋದೆ.

ಪರಪ್ಪ ಐವತ್ತರ ಆಸುಪಾಸಿನ ಮನುಷ್ಯ. ರೆಪ್ಪೆಯ ಮೇಲೂ ಬೂದು ಪುಡಿ ಕೂತಿರುತ್ತದೆ. ನನ್ನ ಬುರ್ಖಾ, ಬಗಲಲ್ಲಿನ ಪುಸ್ತಕದ ಚೀಲ ಎರಡನ್ನೂ ನೋಡಿ, “ಮನಿ ಕಿಟಕಿ ಗ್ರಿಲ್ ಏನ್ರಿ?” ಎಂದ.

“ಅಲ್ರಿ. ಕಾರಿನ ಗಾಲಿ. ಸ್ಪೋರ್ಟ್ಸ್ ಕಾರು.”

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ನಗಲಿಲ್ಲ. ಚಹಾ ತರಿಸಿದ. ಬೆಳ್ಳಿ, ಕರಿ, ಬಂಗಾರ, ಗನ್ ಮೆಟಲ್, ಹೀಗೆ ಬಣ್ಣ ಹಚ್ಚಿದ ತಗಡಿನ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಗನ್ ಮೆಟಲ್ ಅಂದರೆ ಹೊಸ ಸ್ಲೇಟಿನ ಹಾಗೆ ಇದೆ, ಒಳಗೆ ಸಣ್ಣ ಮಿಂಚು.

ಫೆಬ್ರವರಿ 2, ಸೋಮವಾರ, ಬಕ್ರೀದ್

ಹಬ್ಬ. ಅಲ್ತು ಈದಗಾಕ್ಕೆ ಹೋಗಲಿಲ್ಲ. ಮನೆಯಲ್ಲೇ ಕೂತು ನಮಾಜು ಮಾಡಿದ. ಅವನಿಗೆ ಮಟನ್ ಇಲ್ಲ, ಉಪ್ಪು ಇಲ್ಲ, ನೀರು ಕೂಡ ಅಳತೆಯಲ್ಲಿ. ನಾವೂ ತಿನ್ನಲಿಲ್ಲ. ಬಂದವರೆಲ್ಲ ಅವನ ಮುಖ ನೋಡಿ, ಆಮೇಲೆ ಅಮ್ಮನ ಮುಖ ನೋಡಿ ಹೋದರು.

ಮಧ್ಯಾಹ್ನ ರಫೀಕ್ ಬಂದ ಮೇಲೆ ಮನೆಗೆ ಸ್ವಲ್ಪ ಜೀವ ಬಂತು. ತಗಡಿನ ತುಂಡುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದೆ.

“ಬಂಗಾರ?” ಎಂದ ರಫೀಕ್.

“ಕೆಂಪಿನ ಬಾಜೂ ಬಂಗಾರ ಇಟ್ರ ಲಗ್ನದ ಪೆಂಡಾಲ ಆಗ್ತೈತಿ.”

“ಕರಿ?”

“ಕರಿ ಹಚ್ಚಿದ್ರ ಗಾಲಿ ಇಲ್ಲದಂಗ ಕಾಣ್ತೈತಿ. ಟೈರು ಯಾವದು, ಗಾಲಿ ಯಾವದು ತಿಳಿಯಂಗಿಲ್ಲ.”

“ಬೆಳ್ಳಿ ಹಚ್ಚಿಬಿಡೋ, ಮಾರಾಯಾ. ಎಲ್ಲಾ ಕಾರಿಗೂ ಅದ ಇರ್ತೈತಿ.”

“ಎಲ್ಲಾ ಕಾರಿಗೂ ಇರ್ತೈತಿ, ಅದಕ್ಕ ಬ್ಯಾಡ.”

ಅಲ್ತು ಜೋರಾಗಿ ನಕ್ಕ. ಅಡುಗೆಮನೆಯಲ್ಲಿ ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಆ ನಗೆಯನ್ನು ಕೇಳಿಸಿಕೊಂಡಳು. ನಾನು ಅದನ್ನು ನೋಡಿದೆ.

ಫೆಬ್ರವರಿ 21, ಶನಿವಾರ

ಇವತ್ತು ಕ್ರೋಮ್ ಎಂದ. ಬಿಸಿಲಲ್ಲಿ ಉದ್ಯಮಬಾಗೆಲ್ಲ ಸುತ್ತಿ ಪ್ಲೇಟಿಂಗ್ ಅಂಗಡಿ ಹುಡುಕಿ, ಕನ್ನಡಿಯಂತೆ ಹೊಳೆಯುವ ಒಂದು ತುಂಡು ತಂದೆ. ಅದರಲ್ಲಿ ತನ್ನ ಮುಖ ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ. ಬಣ್ಣ ಬೂದಿಯಾಗಿದೆ, ಗದ್ದದ ಎಲುಬು ಎದ್ದಿದೆ. ನಾನು ಕೊಡಬಾರದಿತ್ತು.

“ಬ್ಯಾಡ” ಎಂದ. “ಬ್ಯಾಂಡಿನವರ ತುತ್ತೂರಿ ಆದಂಗ ಆಗ್ತೈತಿ.”

ಮನೆಗೆ ಬಂದ ಮೇಲೆ ಅಮ್ಮ ನನ್ನ ಮೇಲೆ ಹರಿಹಾಯ್ದಳು. “ಅಂವಾ ಕೇಳಿದ್ದನ್ನ ನೀ ತರ್ತಿ, ನೀ ತಂದದ್ದನ್ನ ಅಂವಾ ಬ್ಯಾಡಂತಾನ. ಇಬ್ರಿಗೂ ಹುಚ್ಚು ಹಿಡದೈತಿ.”

ಪ್ಲೇಟಿಂಗ್‌ನವರು ಹೇಳಿದ ಪ್ರಕಾರ ಕ್ರೋಮ್ ಈ ಗಾಲಿಯ ಮೇಲೆ ಬಾಳುವುದೂ ಇಲ್ಲ, ಹಪ್ಪಳದಂತೆ ಏಳುತ್ತದೆ. ಅದನ್ನು ಹೇಳಿದೆ. ಅಲ್ತು ಆಗಲೇ ಕಣ್ಣು ಮುಚ್ಚಿದ್ದ.

ಮಾರ್ಚ್ 6, ಶನಿವಾರ

ಗನ್ ಮೆಟಲ್‌ನಲ್ಲಿ ಎರಡು ಬಗೆ ಇವೆಯಂತೆ. ಒಂದು ಹೊಳೆಯುವುದು, ಇನ್ನೊಂದು ಮ್ಯಾಟ್, ಹೊಳೆಯದಿರುವುದು. ಅಂಚು ಮಾತ್ರ ಪಾಲಿಶ್ ಮಾಡಿ ನಡುವೆ ಬಣ್ಣ ಹಚ್ಚುವುದೂ ಉಂಟು. ಪರಪ್ಪ ತೋರಿಸಿದ. ಇವತ್ತು ರಫೀಕನೂ ಜೀಪು ತಂದಿದ್ದ. ಬರುವಾಗ ಅದರಲ್ಲಿ ಅಲ್ತುವಿಗೆ ಇದನ್ನೆಲ್ಲ ವಿವರಿಸಿದೆ. ಕಿಟಕಿಗೆ ತಲೆಯಾನಿಸಿ ಕೇಳಿದ.

“ಒಂದು ಗಟ್ಟಿ ಮಾಡೋ, ಅಲ್ತು. ಎಷ್ಟು ವಾರ ಆತು.”

“ಅವಸರ ಏನೈತಿ, ಆಪಾ? ಹಚ್ಚಿದ್ರ ಮುಗೀತಲ್ಲ.”

“ಮುಗದ್ರ ಛಲೋನ ಅಲ್ಲೇನ? ಕಾರು ರೋಡಿಗೆ ಬರ್ತೈತಿ.”

ಮುಂದೆ ಕೂತಿದ್ದ ರಫೀಕ್ ಕನ್ನಡಿಯಲ್ಲಿ ನನ್ನನ್ನು ನೋಡಿ ದೃಷ್ಟಿ ತೆಗೆದ. ಈ ಗಂಡಸರ ಆಲಸ್ಯ ನನಗೆ ತಿಳಿಯುವುದಿಲ್ಲ.

ಮಾರ್ಚ್ 25

ಕೈಯ ನರ ಮುಚ್ಚಿಕೊಂಡಿದೆ. ಕುತ್ತಿಗೆಗೆ ನಳಿಕೆ ಹಾಕಿದರು.

ಮಾರ್ಚ್ 29

ಜ್ವರ. ಬೆಳಗಾವಿಯಲ್ಲೇ ಇದ್ದೇವೆ. ನಡುಗುವಾಗ ಅವನ ಮಂಚ ಗೋಡೆಗೆ ಬಡಿಯುತ್ತದೆ. ಅಮ್ಮ ತಸ್ಬಿ ಹಿಡಿದು ಕೂತಿದ್ದಾಳೆ, ಮಣಿ ಸರಿಯುತ್ತಿಲ್ಲ.

ಏಪ್ರಿಲ್ 8, ಗುರುವಾರ

ಮನೆಗೆ ಬಂದೆವು. ಎದ್ದು ನಿಂತರೆ ಪ್ಯಾಂಟು ಜಾರುತ್ತದೆ. ಕಿಟಕಿಯ ಕಟ್ಟೆಯ ಮೇಲಿನ ತುಂಡುಗಳಿಗೆ ಧೂಳು ಹಿಡಿದಿತ್ತು, ಒರೆಸಿಟ್ಟೆ.

ಏಪ್ರಿಲ್ 28, ಬುಧವಾರ

ಚುನಾವಣಾ ಡ್ಯೂಟಿ ಮುಗಿಸಿ ಬಂದೆ. ರಾಮದುರ್ಗದ ಕಡೆಯ ಒಂದು ಹಳ್ಳಿಯ ಸಾಲೆ. ಮತಯಂತ್ರದ ಗುಂಡಿ ಒತ್ತಲು ಹೆದರುವ ಮುದುಕಿಯರಿಗೆ ದಾರಿ ತೋರಿಸುತ್ತ ಇಡೀ ದಿನ ನಿಂತಿದ್ದೆ. ಆದರೆ ನನ್ನ ಕಣ್ಣು ಹೊರಗೆ ನಿಂತ ಗಾಡಿಗಳ ಮೇಲೆಯೇ. ಪೊಲೀಸ್ ಜೀಪಿನ ಬಿಳಿ ಗಾಲಿ, ಅಧಿಕಾರಿಯ ಕಾರಿನ ಬೆಳ್ಳಿ ಗಾಲಿ, ಅಭ್ಯರ್ಥಿಯೊಬ್ಬನ ಹೊಸ ಗಾಡಿಯ ಕ್ರೋಮ್ ಗಾಲಿ. ಸಂಜೆ ಬಿಸಿಲು ಇಳಿದಾಗ ಬೆಳ್ಳಿ ಬಣ್ಣ ಸಪ್ಪೆಯಾಗುತ್ತದೆ, ಕ್ರೋಮ್ ಕಣ್ಣು ಚುಚ್ಚುತ್ತದೆ. ಎರಡೂ ನಮ್ಮ ಕಾರಿಗೆ ಆಗುವುದಿಲ್ಲ.

ಬಂದವಳೇ ಅಲ್ತುವಿಗೆ ಹೇಳಿದೆ. “ಗನ್ ಮೆಟಲ್. ಮ್ಯಾಟ್ ಅಲ್ಲ, ಹೊಳಿಯೂದು. ಅಂಚಿಗೆ ಪಾಲಿಶ್. ಏನಂತಿ?”

“ಆತು. ಅದ ಇರಲಿ.”

“ಹೊಳಿಯೂದು ಯಾಕ ಅಂತ ಕೇಳೂದಿಲ್ಲೇನ?”

“ನೀ ನೋಡೀದಿ ಅಂದ್ರ ಛಲೋನ ಇರ್ತೈತಿ.”

ಜನವರಿಯಿಂದ ಒಂದಕ್ಕೂ ಹೂಂ ಅನ್ನದವನು ಇವತ್ತು ತುಂಡನ್ನು ಕೈಗೂ ತೆಗೆದುಕೊಳ್ಳದೆ ಒಪ್ಪಿಬಿಟ್ಟ. ನನಗೆ ಸಿಟ್ಟೇ ಬಂತು. ಮೂರು ದಿನ ನಾನು ತಲೆ ಕೆಡಿಸಿಕೊಂಡದ್ದಕ್ಕೆ ಇಷ್ಟೇ ಬೆಲೆಯೇ?

ಮೇ 15, ಶನಿವಾರ

ಸಾಲೆಗೆ ರಜೆ. ಈ ವಾರವೆಲ್ಲ ಶೆಡ್ಡಿನಲ್ಲಿ ನಾನೂ ರಫೀಕನೂ ಗಾಲಿ ಉಜ್ಜುತ್ತಿದ್ದೇವೆ. ಹಳೆಯ ಬಣ್ಣ ತೆಗೆಯುವ ಮದ್ದು ಹಚ್ಚಿ, ಕೆರೆದು, ನೀರು ಹಾಕಿ ಉಜ್ಜುಕಾಗದದಿಂದ ತಿಕ್ಕಬೇಕು. ಮೊದಲು ಒರಟು, ಆಮೇಲೆ ನಯ. ಬೆರಳಿನ ತುದಿಯ ಚರ್ಮ ಹೋಗಿದೆ. ಒಂದು ಗಾಲಿಯ ಅಂಚಿನಲ್ಲಿ ಕಲ್ಲಿಗೆ ಬಡಿದ ಗಾಯವಿತ್ತು. ರಫೀಕ್ “ಇರಲಿ ಬಿಡ್ರಿ ಆಪಾ, ಯಾರ್ ನೋಡ್ತಾರ” ಎಂದ. ನಾನು ಬಿಡಲಿಲ್ಲ. ಅದನ್ನು ತುಂಬಿಸಿ ತರಲು ವೆಲ್ಡಿಂಗ್‌ನವನ ಹತ್ತಿರ ಕಳಿಸಿದೆ.

ಅಲ್ತು ಶೆಡ್ಡಿಗೆ ಬರುವುದಿಲ್ಲ. ಹಿತ್ತಲಿನ ಬಾಗಿಲು ತೆರೆದಿಟ್ಟರೆ ಹಾಸಿಗೆಯಿಂದಲೇ ಕಾಣುತ್ತದೆ. ಆದರೆ ಅವನು ಗೋಡೆಯ ಕಡೆಗೆ ತಿರುಗಿ ಮಲಗುತ್ತಾನೆ. ಬಿಸಿಲಿನ ಝಳಕ್ಕೆ ಇರಬೇಕು. ಬುಧವಾರ ಬೆಳಗಾವಿಗೆ ಹೋಗಲಿಲ್ಲ, ಜೀಪಿನ ಕುಲುಕಾಟ ತಡೆಯಲಾಗುವುದಿಲ್ಲ ಎಂದನಂತೆ. ಇವತ್ತು ನಾನು ಕರೆದುಕೊಂಡು ಹೋಗಿಬಂದೆ.

ಉಜ್ಜಿದ ಮೇಲೆ ಬರಿ ಲೋಹ ಎಷ್ಟು ಚೆಂದ ಇರುತ್ತದೆ! ಕೈ ಹಚ್ಚಿದರೆ ತಣ್ಣಗೆ, ಹಾಲಿನಂತೆ ಬೆಳ್ಳಗೆ. ಬಣ್ಣವೇ ಬೇಡ ಎನ್ನಿಸಿತು ಒಂದು ಗಳಿಗೆ. ಆದರೆ ಪರಪ್ಪ ಹೇಳಿದ್ದಾನೆ, ಬರಿದೇ ಬಿಟ್ಟರೆ ಒಂದು ಮಳೆಗಾಲಕ್ಕೆ ಬೂಸರು ಬಂದಂತೆ ಆಗುತ್ತದೆ ಎಂದು.

ಜೂನ್ 12, ಶನಿವಾರ

ಮೊದಲನೆಯ ಗಾಲಿ ಆಯಿತು! ಭಟ್ಟಿಯಿಂದ ತೆಗೆದಾಗ ಇನ್ನೂ ಬಿಸಿಯಿತ್ತು. ಪರಪ್ಪ ಅದನ್ನು ಗೋಣಿಚೀಲದ ಮೇಲೆ ಇಟ್ಟು, “ನೋಡ್ರಿ ಮೇಡಮ್, ನಿಮ್ಮ ತಮ್ಮಗ ಸೇರತೈತೋ ಇಲ್ಲೋ” ಎಂದ. ಮೋಡದ ಬಣ್ಣ. ಮುಂಗಾರಿನ ಮೊದಲ ದಿನ ನವಿಲುತೀರ್ಥ ಅಣೆಕಟ್ಟಿನ ನೀರಿನ ಮೇಲೆ ನಿಂತ ಮೋಡ ಇರುತ್ತದಲ್ಲ, ಅಂಥದು. ಅಂಚಿನ ಸುತ್ತ ಪಾಲಿಶ್ ಮಾಡಿದ ಗೆರೆ.

ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ತಂದೆ. ಬಟ್ಟೆಯೆಲ್ಲ ಹೊಲಸಾಯಿತು. ಹೋಗಿ ನೋಡಿದರೆ ಅಲ್ತು ಹೊರಗಿನ ಬೆಂಚಿನ ಮೇಲೆ ಕೂತಿದ್ದಾನೆ. ಇನ್ನೂ ಎರಡು ತಾಸು ಬಾಕಿ ಇರುವಾಗಲೇ ಯಂತ್ರ ತೆಗೆಸಿಕೊಂಡನಂತೆ. ನರ್ಸ್ ಶೆಟ್ಟೆವ್ವ ನನ್ನನ್ನು ಪಕ್ಕಕ್ಕೆ ಕರೆದು, “ಹಿಂಗ ಮಾಡಿದ್ರ ಹೆಂಗ್ರಿ, ಟೀಚರ್? ನಾವು ಎಷ್ಟು ಹೇಳಿದ್ರೂ ಕೇಳವಲ್ರು” ಎಂದಳು. ಗಾಲಿ ನೋಡುವ ಆತುರ ಇರಬೇಕು ಎಂದೆ. ಅವಳು ಗಾಲಿಯನ್ನು ನೋಡಿ ಒಳಗೆ ಹೋದಳು.

ಅಲ್ತು ಅಂಗೈಯಿಂದ ಒಮ್ಮೆ ಸವರಿದ. “ಛಂದ ಆಗೇತಿ, ಆಪಾ.”

“ಸರಿಯಾಗಿ ನೋಡು. ಒಳಗಿನ ಮೂಲಿಗೆ ಬಣ್ಣ ಕೂತೈತೋ ಇಲ್ಲೋ?”

“ಕೂತೈತಿ.”

“ನೋಡದ ಹೇಳಬ್ಯಾಡ.”

ಅವನು ಬಗ್ಗಿ ನೋಡಿದ. ಬಗ್ಗಿದ್ದಕ್ಕೆ ಉಬ್ಬಸ ಬಂತು. “ಎಲ್ಲಾ ಕೂತೈತಿ” ಎಂದ.

ಒಂದು ತಪ್ಪನ್ನಾದರೂ ಹುಡುಕಬಾರದಿತ್ತೇ?

ಜೂನ್ 20, ಭಾನುವಾರ

ಮಳೆ. ಹೊಸ ಗಾಲಿಯನ್ನು ಶೆಡ್ಡಿನಲ್ಲಿಡಲು ಮನಸ್ಸಾಗದೆ ಒಳಗೆ ಅಕ್ಕಿಡಬ್ಬಿಯ ಪಕ್ಕ ಇಟ್ಟಿದ್ದೇನೆ. ಅಮ್ಮ ಅದನ್ನು ದಾಟಿಕೊಂಡು ಓಡಾಡುತ್ತಾಳೆ.

ಉಳಿದ ಮೂರನ್ನು ಬೇಗ ಮಾಡಿಸಬೇಕು, ಬಣ್ಣದ ಪುಡಿ ಬೇರೆ ಸರಕಿನದಾದರೆ ಛಾಯೆ ಬದಲಾಗುತ್ತದೆ ಎಂದು ಅಲ್ತುವಿಗೆ ಹೇಳುತ್ತಿದ್ದೆ. ಅಮ್ಮ ಒಳಗೆ ಕರೆದು ಮೆಲ್ಲಗೆ ಹೇಳಿದಳು.

“ಅವಗ ಸಾಕಾಗೇತಿ, ಫಿರದೋಸ್. ಇನ್ನ ಬಿಡು.”

“ಮೂರ ಗಾಲಿ ಉಳದಾವಲ್ಲಮ್ಮ.”

ಅಮ್ಮ ನನ್ನ ಗಲ್ಲಕ್ಕೆ ಕೈ ಹಚ್ಚಿದಳು. ನಾನು ಚಿಕ್ಕವಳಿದ್ದಾಗ ಜ್ವರ ನೋಡುತ್ತಿದ್ದ ಹಾಗೆ. ಅವಳ ಕೈಗೆ ಈರುಳ್ಳಿಯ ವಾಸನೆ ಇತ್ತು. ಅವಳಿಗೆ ಮೊದಲಿನಿಂದಲೂ ಈ ಕಾರು ಇಷ್ಟವಿಲ್ಲ.

ಜೂನ್ 30, ಬುಧವಾರ

ಸಾಲೆಯಿಂದ ಬಂದಾಗ ರಫೀಕ್ ಹೊಸ್ತಿಲ ಮೇಲೆ ಕೂತಿದ್ದ. ಜೀಪು ಬಾಗಿಲಲ್ಲೇ ನಿಂತಿತ್ತು.

ಅಲ್ತು ನನ್ನನ್ನು ಹತ್ತಿರ ಕೂರಿಸಿಕೊಂಡ. ಮುಖ ಬಾತಿದೆ, ಕಣ್ಣು ಸಣ್ಣಗಾಗಿವೆ. ಉಸಿರು ಬಿಟ್ಟುಬಿಟ್ಟು ಮಾತಾಡಿದ.

“ಆಪಾ, ನಾ ಇವತ್ತ ಹೋಗಲಿಲ್ಲ. ಶನಿವಾರನೂ ಹೋಗೂದಿಲ್ಲ.”

“ಯಾಕ? ಶನಿವಾರ ಹೋಗಲೇಬೇಕು. ಪರಪ್ಪ ಮೂರೂ ಗಾಲಿ ತಯಾರ ಇಡ್ತೇನಿ ಅಂದಾನ.”

ಅವನು ನನ್ನ ಮುಖವನ್ನೇ ನೋಡಿದ. ರಫೀಕ್ ಎದ್ದು ಬೀದಿಗೆ ಹೋದ.

“ನೀ ಹೋಗಿ ತಗೊಂಡು ಬಾ” ಎಂದ.

“ನೀ ಇಲ್ಲದ ನಾ ಒಬ್ಬಾಕಿನ ಹೆಂಗ್ ನೋಡಿ ತರಲಿ?”

“ನೀನ ಅಲ್ಲೇನ ಇಷ್ಟ ದಿನಾ ನೋಡಿದಾಕಿ?” ಎಂದು ನಗಲು ಹೋದ. ಕೆಮ್ಮು ಬಂತು. ಬೆನ್ನು ಸವರಿದೆ. ಬೆನ್ನಿನಲ್ಲಿ ಎಲುಬು ಒಂದೊಂದೂ ಬೇರೆಬೇರೆಯಾಗಿ ಕೈಗೆ ಸಿಕ್ಕಿತು. ಆಮೇಲೆ ನನ್ನ ಕೈ ಹಿಡಿದುಕೊಂಡು ನಿದ್ದೆ ಹೋದ. ನಾನು ಕೈ ಬಿಡಿಸಿಕೊಳ್ಳದೆ ಕತ್ತಲಾಗುವವರೆಗೆ ಕೂತಿದ್ದೆ.

ಜುಲೈ 3, ಶನಿವಾರ

ಗಾಲಿ ತಂದೆ. ಮೂರೂ ಒಂದೇ ಛಾಯೆ. ಪರಪ್ಪ “ತಮ್ಮ ಹೆಂಗದಾರ್ರಿ?” ಎಂದು ಕೇಳಿದ. ಹಾಗೇ ಇದ್ದಾನೆ ಎಂದೆ. ಡಾಕ್ಟರ ಹತ್ತಿರ ಹೋಗಿ ಮನೆಗೆ ಬಂದು ನೋಡುವಿರಾ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿ ಉಬ್ಬಸಕ್ಕೆ ಒಂದು ಗುಳಿಗೆ ಬರೆದುಕೊಟ್ಟರು.

ಸಂಜೆ ನಾಲ್ಕೂ ಗಾಲಿಗಳನ್ನು ಅವನ ಮಂಚದ ಪಕ್ಕ ಗೋಡೆಗೆ ಆನಿಸಿ ನಿಲ್ಲಿಸಿದೆ. ಅವನಿಗೆ ಎಚ್ಚರವಿರಲಿಲ್ಲ.

ಜುಲೈ 9, ಶುಕ್ರವಾರ

ಅಲ್ತು ಹೋದ. ಬೆಳಿಗ್ಗೆ. ಜುಮ್ಮಾ ನಮಾಜು ಆದ ಮೇಲೆ ಮಣ್ಣು ಮಾಡಿದರು.

ಜುಲೈ 10

ಶನಿವಾರ. ಬೆಳಗಿನ ಸಾಲೆ ಬಿಡುವ ಹೊತ್ತಿಗೆ ಎದ್ದು, ಬೆಳಗಾವಿಗೆ ಹೊರಟವಳ ಹಾಗೆ ಬುರ್ಖಾ ಹಾಕಿಕೊಂಡು ಬಾಗಿಲವರೆಗೆ ಬಂದೆ.

ಆಗಸ್ಟ್ 1, ಭಾನುವಾರ

ರಫೀಕ್ ಬಂದಿದ್ದ. ಶೆಡ್ಡಿನಲ್ಲಿ ಕಾರು ಹೀಗೇ ಇಟ್ಟರೆ ಇಲಿ ವೈರು ಕಡಿಯುತ್ತವೆ, ರಾಮದುರ್ಗದ ಕಾಂತೇಶ ಎನ್ನುವವರು ಕೇಳುತ್ತಿದ್ದಾರೆ ಎಂದ. ಅಮ್ಮ ನನ್ನನ್ನು ಕೇಳದೆ “ಕೊಟ್ಟುಬಿಡು” ಎಂದಳು. “ಹಿತ್ತಲಕ್ಕ ಹೋದ್ರ ಅಂವಾ ಅದರ ಕೆಳಗ ಮಲಗಿ ಕೆಲಸ ಮಾಡಾಕತ್ತಾನ ಅನಸ್ತೈತಿ. ಎಷ್ಟ ದಿನಾ ಹಂಗ ಕರೀತ ಇರ್ಲಿ?”

ಅಮ್ಮ ಅಲ್ಲಿ ಹೋಗಿ ಅವನನ್ನು ಕರೆಯುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಟೈರು ಏರಿಸಿ ಗಾಲಿ ಜೋಡಿಸುವ ಮೊದಲು ರಫೀಕ್ ಕೇಳಿದ: “ಆಪಾ, ಈ ಬಣ್ಣ ಅಂವಾ ಹೇಳಿದ್ದೇನು?” ಹೌದು ಎಂದೆ. ಆಮೇಲೆ ಒಲೆಯ ಮುಂದೆ ಕೂತು ಯಾವತ್ತು ಹೇಳಿದ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಆಗಸ್ಟ್ 22, ಭಾನುವಾರ

ಕಾಂತೇಶ ಹೆಂಡತಿ ರೇಣುವನ್ನು ಕರೆದುಕೊಂಡು ರಾಮದುರ್ಗದಿಂದ ಬಸ್ಸಿನಲ್ಲಿ ಬಂದಿದ್ದರು. ಇಬ್ಬರೂ ಚಿಕ್ಕವರು, ಹೊಸ ಮದುವೆ. ನಮ್ಮ ಮನೆಯ ಸುದ್ದಿ ಗೊತ್ತಿದ್ದುದರಿಂದ ದನಿ ತಗ್ಗಿಸಿ ಮಾತಾಡುತ್ತಿದ್ದರು. ಕಾರು ನೋಡಿದಾಗ ಆ ಹುಡುಗಿ ಸಂತೋಷ ತಡೆಯಲಾಗದೆ ಸೆರಗು ಬಾಯಿಗೆ ಹಿಡಿದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ.

ಕಾಂತೇಶ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. “ಭಾಳ ಛಂದ ಅದಾವ್ರಿ ಟೀಚರ್. ಯಾರು ಆರಿಸಿದ್ರು?”

“ನನ್ನ ತಮ್ಮ” ಎಂದೆ.

ರಫೀಕ್ ಶೆಡ್ಡಿನಿಂದ ಕಾರನ್ನು ಓಣಿಗೆ ತಂದು ನಿಲ್ಲಿಸಿದ. ಆಗ ಅಮ್ಮ ಹೊರಗೆ ಬಂದಳು. ದುಪಟ್ಟಾ ಸರಿಮಾಡಿಕೊಂಡು, ಯಾರನ್ನೂ ನೋಡದೆ, “ನಾ ಒಮ್ಮೆ ಕುಂದರ್ತೇನಿ” ಎಂದಳು.

ಅವಳ ಮಂಡಿ ಬಾಗುವುದಿಲ್ಲ. ರಫೀಕ್ ಒಂದು ಕಡೆ, ರೇಣು ಒಂದು ಕಡೆ ಹಿಡಿದು ಇಳಿಸಿದರು. ಹತ್ತುವುದು ಎನ್ನಲಾಗದು, ಆ ಕಾರಿಗೆ ಇಳಿಯಬೇಕು. ಅಲ್ತುವಿನ ಸೀಟಿನಲ್ಲಿ, ಸ್ಟೇರಿಂಗ್‌ನ ಮುಂದೆ ಕೂತಳು. ನಾನು ಇನ್ನೊಂದರಲ್ಲಿ ಕೂತೆ. ಮೂರನೆಯವರಿಗೆ ಜಾಗ ಇರಲಿಲ್ಲ.

ಅಮ್ಮ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಮುಂದೆ ನೋಡಿದಳು. ಎದುರಿನಿಂದ ಬರುತ್ತಿದ್ದವರ ಕಾಲು ಕಂಡವು. ಒಂದು ಆಡಿನ ಹೊಟ್ಟೆ, ಯಾರದೋ ಸೈಕಲ್ಲಿನ ಪೆಡಲು.

“ಇಲ್ಲಿಂದ ಏನೂ ಕಾಣೂದಿಲ್ಲಲ್ಲ” ಎಂದಳು. “ಇದರಾಗ ಕುಂತು ಎಲ್ಲಿಗೆ ಹೋಗಾಂವ ಇದ್ದ ಅಂವಾ?”

“ಗೊತ್ತಿಲ್ಲಮ್ಮ.”

“ನೀ ಕೇಳಲಿಲ್ಲೇನ?”

“ಇಲ್ಲ.”

ಅಮ್ಮ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಯಾರೂ ಅವಸರ ಮಾಡಲಿಲ್ಲ. ರೇಣು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಆಮೇಲೆ ಅಮ್ಮ ಕೈ ಚಾಚಿದಳು, ಎಬ್ಬಿಸಿದೆವು.

ಅವರು ಹೊರಟರು. ಓಣಿಯ ತುದಿಯವರೆಗೆ ಕಾರು ನಿಧಾನ ಹೋಯಿತು. ಅಲ್ಲಿಯವರೆಗೆ ಗಾಲಿಯ ಒಂದೊಂದು ಕಡ್ಡಿಯೂ ನನಗೆ ಕಾಣುತ್ತಿತ್ತು, ನಾನು ಉಜ್ಜಿದ್ದು, ರಫೀಕ್ ಉಜ್ಜಿದ್ದು, ಗಾಯ ತುಂಬಿಸಿದ್ದು. ದೊಡ್ಡ ರಸ್ತೆಗೆ ತಿರುಗಿ ಓಟ ಹಿಡಿದ ಮೇಲೆ ಅವು ತಿರುಗತೊಡಗಿ ಒಂದೇ ಬಿಲ್ಲೆಯಾದವು. ಯಾವ ಬಣ್ಣ ಎಂದು ಯಾರಾದರೂ ಆಗ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.